ಶಾಲೆಯ ಒಲೆಗೆ ಫಿದ್ದಾ ಖಾಲಾ ಕೊಟ್ಟ ಹಿಂಡಿ

ಆಲಿವ್ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯನ್ನು ನಮ್ಮ ಅಜ್ಲೂನಿನ ಬೆಟ್ಟಗಳಲ್ಲಿ ಜಿಫ್ತ್ ಎನ್ನುತ್ತೇವೆ. ಅದರಿಂದ ಹಲಗೆ ಮಾಡಬಹುದು, ಪ್ಲಾಸ್ಟಿಕ್ಕಿಗೆ ಬದಲಿಯೂ ಆದೀತು ಎಂದು ಓದಿದ್ದೇನೆ. ಓದಿದ್ದನ್ನೆಲ್ಲ ನಂಬುವ ವಯಸ್ಸು ದಾಟಿದೆ. ಊರಿಗೆಲ್ಲ ಚಿಕ್ಕಮ್ಮನಾದ ಫಿದ್ದಾ ಖಾಲಾ ಒತ್ತಿದ ಹಿಂಡಿಯ ಕೊರಡುಗಳನ್ನು ಮಾತ್ರ ಕಣ್ಣಾರೆ ಕಂಡು ನಂಬಿದವನು ನಾನು.

ಇಪ್ಪತ್ತು ವರ್ಷ ಅವರು ಗಾಣದಲ್ಲಿ ಆಲಿವ್ ಕಾಯಿ ತೊಳೆದವರು. ಗಾಣದವನು ಹಿಂಡಿಯನ್ನು ಕಣಿವೆಯ ಅಂಚಿಗೆ ಸುರಿಯುತ್ತಿದ್ದ. ಮೊದಲ ಮಳೆಗೆ ಅದು ಕೊಚ್ಚಿಹೋಗಿ ಊರ ಒರತೆ ಕಪ್ಪಾಗುತ್ತಿತ್ತು. ಮೇಕೆಗಳೂ ಮೂಸಿ ತಿರುಗಿಬಿಡುತ್ತಿದ್ದವು. ಖಾಲಾ ಕಮ್ಮಾರನಿಂದ ಒಂದು ಯಂತ್ರ ಮಾಡಿಸಿದರು. ಮಾಂಸ ಅರೆಯುವ ಯಂತ್ರದ ಅಣ್ಣನಂತಿತ್ತು ಅದು. ಹಿಡಿ ತಿರುಗಿಸಿದರೆ ಹಿಂಡಿ ಒತ್ತಿಕೊಂಡು ಕೊಳವೆಯಿಂದ ಕೊರಡಾಗಿ ಹೊರಬರುತ್ತಿತ್ತು. ರೊಟ್ಟಿ ಸುಡುವ ತಮ್ಮ ಒಲೆಯ ಜೇಡಿಮಣ್ಣಿಗೂ ಆಲಿವ್ ಬೀಜದ ಪುಡಿ ಕಲಸಿದ್ದರು. ಏಕೆಂದು ಕೇಳಿದರೆ, "ಮಣ್ಣಿಗೂ ಎಲುಬು ಬೇಡ್ವಾ ಮೇಷ್ಟ್ರೇ?" ಎಂದರು. ಆ ಒಲೆ ಇಂದಿಗೂ ಬಿರುಕು ಬಿಟ್ಟಿಲ್ಲ.

ಹಿಂಡಿಗೆ ಗಿರಾಕಿ ತೋರಿಸಿದರೆ ಕಣಿವೆಗೆ ಒಂದು ಬುಟ್ಟಿಯನ್ನೂ ಸುರಿಯುವುದಿಲ್ಲವೆಂದು ಗಾಣದವನು ಮಾತು ಕೊಟ್ಟ. ಖಾಲಾ ನೇರವಾಗಿ ನಮ್ಮ ಶಾಲೆಗೆ ಬಂದರು. ಚಳಿಗೆ ತರಗತಿ ಕಾಯಿಸುವ ಒಲೆಗಳ ವಿಷಯದಲ್ಲಿ ಮುಖ್ಯೋಪಾಧ್ಯಾಯ ಮಿಕ್ದಾದ್ ಸೀಮೆಎಣ್ಣೆಯ ಭಕ್ತರು.

"ಒಂದು ದಿನ ನೋಡೋಣ ಖಾಲಾ. ಹೊಗೆ ಬಂದ್ರೆ ಮಾತ್ರ ನನ್ನನ್ನ ಮತ್ತೆ ಕೇಳಬೇಡಿ."

"ಹೊಗೆ ಬಂದ್ರೆ ನನ್ನನ್ನೇ ಒಲೆಗೆ ಹಾಕು, ಮಗನೇ."

ಡಿಸೆಂಬರಿನ ಒಂದು ಬೆಳಿಗ್ಗೆ ಆರನೇ ತರಗತಿಯ ತಗಡಿನ ಒಲೆಗೆ ಖಾಲಾ ಕೊರಡುಗಳನ್ನು ಒಟ್ಟಿದರು. ಕಾಲು ಗಂಟೆಯಲ್ಲಿ ಮಕ್ಕಳೆಲ್ಲ ಕೆಮ್ಮುತ್ತ ಅಂಗಳದಲ್ಲಿದ್ದರು. ಖಾಲಾ ಮಾತ್ರ ಒಲೆಯ ಮುಂದೆ ಕದಲದೆ ನಿಂತಿದ್ದರು. ಇನ್ನೊಂದು ಅವಕಾಶಕ್ಕಾಗಿ ನಾನು ಮಿಕ್ದಾದರನ್ನು ಕಾಡಿಬೇಡಿ, ಸಂಜೆ ಖಾಲಾ ಮನೆಗೆ ಹೋದೆ.

ಅಂಗಳದಲ್ಲಿ ಎರಡು ರಾಶಿಗಳಿದ್ದವು. ಒಂದರ ಕೊರಡು ಒಡೆದೆ. ಒಳಗೆ ಇನ್ನೂ ಹಸಿ, ಬೆರಳಿಗೆ ಜಿಡ್ಡು. ಇನ್ನೊಂದರದು ಬಡಿದರೆ ಠಣ್ ಎಂದಿತು.

"ಇದು ಯಾವುದು ಖಾಲಾ?"

"ಅದು ಹೋದ ವರ್ಷದ್ದು. ಮನೆ ಒಲೆಗೆ."

"ಶಾಲೆಗೆ ಇದನ್ನ ಯಾಕೆ ತರಲಿಲ್ಲ?"

ನನ್ನನ್ನು ಮರುಕದಿಂದ ನೋಡಿದರು. "ಓದಿದವರಿಗೆ ಬುದ್ಧಿ ಇರಲ್ಲ ಅಂತ ಕೇಳಿದ್ದೆ, ಇವತ್ತು ನೋಡಿದೆ. ಬೇರೆಯವರ ಮಕ್ಕಳಿಗೆ ಯಾರಾದ್ರೂ ಹಳೇದು ಕೊಡ್ತಾರಾ?"

ಆಗ ಅರ್ಥವಾಯಿತು. ಹೊಸ ಎಣ್ಣೆ ಅತಿಥಿಗೆ, ಹಳೆಯದು ಮನೆಗೆ ಎಂಬುದು ನಮ್ಮಲ್ಲಿ ಪ್ರತಿ ಅಡಿಗೆಮನೆಯ ಕಟ್ಟಳೆ. ಖಾಲಾ ಅದನ್ನು ಹಿಂಡಿಗೂ ಅನ್ವಯಿಸಿದ್ದರು. ಎಣ್ಣೆಗೆ ವರ್ಷ ಕಳೆದರೆ ರುಚಿ ಕೆಡುತ್ತದೆ, ಹಿಂಡಿಗೆ ನೀರು ಆರಿ ಉರಿ ಬರುತ್ತದೆ ಎಂದು ಬಹಳ ಹೊತ್ತು ವಿವರಿಸಿದೆ.

"ಅದು ನಂಗೊತ್ತು," ಎಂದರು ಖಾಲಾ. "ಮರ್ಯಾದೆ ಕಥೆ ಏನು?"

"ಒರತೆ ಕಥೆ ಏನು ಖಾಲಾ?"

ಖಾಲಾ ಗೋಣಿಚೀಲ ತಂದು ಹಳೆಯ ರಾಶಿಯ ಪಕ್ಕ ಕುಳಿತರು. "ಯಾರ ಹತ್ರನೂ ಬಾಯಿ ಬಿಡಬೇಡಿ."

ಮರುದಿನ ಒಲೆ ಶುದ್ಧವಾಗಿ ಉರಿಯಿತು. ಹೊಗೆಕೊಳವೆ ಕೆಂಪಗೆ ಕಾಯುವಷ್ಟು. ಮಿಕ್ದಾದ್ ಅಂಗೈ ಕಾಸಿಕೊಳ್ಳುತ್ತ, "ಚಳಿ ಮುಗಿಯೋವರೆಗೂ ಇದನ್ನೇ ತನ್ನಿ. ಹೊಸದೇ ತಾನೇ ಖಾಲಾ?" ಎಂದರು. ಖಾಲಾ ನನ್ನತ್ತ ನೋಡಿದರು.

"ತೇವಾಂಶ ಬಹಳ ಕಡಿಮೆ ಇದೆ ಸಾರ್," ಎಂದೆ. ಅದು ಸುಳ್ಳಲ್ಲ.

ಗಾಣದವನು ಮಾತು ಉಳಿಸಿಕೊಂಡ. ಜನವರಿಯ ಮಳೆ ಮುಗಿದರೂ ಒರತೆ ತಿಳಿಯಾಗಿಯೇ ಇತ್ತು. ಖಾಲಾ ಅವರ ಹಳೆಯ ರಾಶಿಯೆಲ್ಲ ಶಾಲೆಯ ಪಾಲಾಯಿತು. ಅವರ ಮನೆಯಿಂದ ಮಾತ್ರ ಚಳಿಗಾಲವಿಡೀ ಕಪ್ಪು ಹೊಗೆ ಏಳುತ್ತಿತ್ತು. ಪಕ್ಕದ ಮನೆಯವಳು ಗೋಡೆಯಾಚೆಯಿಂದ, "ಏನೇ ಫಿದ್ದಾ, ಮನೆಗೆ ಬೆಂಕಿ ಬಿತ್ತಾ?" ಎಂದು ಕೂಗಿದ್ದನ್ನು ನಾನೇ ಕೇಳಿದ್ದೇನೆ.

ಖಾಲಾ ಸುರಿಯುವ ಕಣ್ಣನ್ನು ತಲೆವಸ್ತ್ರದ ತುದಿಯಿಂದ ಒರೆಸಿಕೊಂಡು ಗಂಭೀರವಾಗಿ ಹೇಳಿದರು:

"ಈ ವರ್ಷ ನಮ್ಮನೇಲಿ ಹೊಸದನ್ನೇ ಉರಿಸೋದು, ಅಕ್ಕ."