ಎಕ್ಕೆ ಗಿಡದ ಸವತಿ

ಐವತ್ತು ದಾಟಿದ ವಿಧುರ ಹನ್ನೆರಡರ ಹುಡುಗಿಗೆ ತಾಳಿ ಕಟ್ಟಿದರೆ ನಮ್ಮ ಊರುಗಳಲ್ಲಿ ವಾಲಗ ಊದುತ್ತಾರೆ. ಇದು ನಿಮಗೆ ಗೊತ್ತು. ಆ ಮದುವೆಯ ಬುಂದೆ ನೀವೂ ತಿಂದಿದ್ದೀರಿ.

ಸವಣೂರಿನ ಎಲೆಬಳ್ಳಿ ತೋಟದ ದಾನವ್ವನಿಗೆ ಗಂಡ ಸತ್ತಾಗ ಹದಿನೆಂಟು. ಮೂವತ್ತಾರರವರೆಗೆ ಒಬ್ಬಳೇ ಬಳ್ಳಿ ಕಟ್ಟಿದಳು, ಎಲೆ ಕೊಯ್ದಳು. ಎಲೆಯ ಪೆಂಡಿಗಳನ್ನು ಹೇರಿಕೊಂಡು ಯಲವಿಗಿ ಸ್ಟೇಶನ್ನಿಗೆ ಗಾಡಿ ಹೊಡೆಯುತ್ತಿದ್ದವನು ಉಡಚಪ್ಪ, ಇಪ್ಪತ್ತಾರರವನು, ಮದುವೆಯಾಗಿರಲಿಲ್ಲ. ಎಲೆ ಬಾಡದಂತೆ ಬಾಳೆಯೆಲೆಯಲ್ಲಿ ಒತ್ತಿ ಸುತ್ತುತ್ತ, ನೀರು ಚಿಮುಕಿಸುತ್ತ ಇಬ್ಬರೂ ನಾಲ್ಕು ವರ್ಷ ಎದುರುಬದುರು ಕೂತಿದ್ದರು. 1938ರಲ್ಲಿ ಅವನೇ ಕೇಳಿದ.

"ನಿನ್ನ ವಾರಿಗಿ ಹುಡಿಗ್ಯಾರೆಲ್ಲಾ ಸತ್ತಾರೇನೋ?" ಎಂದಳು.

"ಅವ್ರಿಗೆ ಎಲಿ ಸುತ್ತಾಕ ಬರೂದಿಲ್ರಿ."

ದೈವದ ಹಿರಿಯರು, ಅಂದರೆ ಕುಲದ ಪಂಚರು, ಕೂಡಿದರು. ವಿಧವೆಗೆ ಉಡಿಕೆಯ ದಾರಿಯಿದೆ: ಸೀರೆ ಉಡಿಸಿ ಕಳಿಸುವ, ಮುತ್ತೈದೆಯರು ಮುಖ ತೋರದ ಮದುವೆ. ಆದರೆ ಮದುವೆಯಾಗದ ಗಂಡು ವಿಧವೆಯನ್ನು ಕೂಡುವಂತಿಲ್ಲ. ಮೊದಲು ಎಕ್ಕೆ ಗಿಡಕ್ಕೆ ತಾಳಿ ಕಟ್ಟಬೇಕು, ಆಮೇಲೆ ಅದನ್ನು ಕಡಿದು ತಾನೂ ವಿಧುರನಾಗಬೇಕು. ಹಾಗೇ ಆಯಿತು. ತೋಟದ ಬೇಲಿಯ ಎಕ್ಕೆಗೆ ಅರಿಶಿಣ, ಹಸಿರು ಬಳೆ, ಬಾಸಿಂಗ, ವಾಲಗ. ದಾನವ್ವನಿಗೆ ಹಿತ್ತಲ ಬಾಗಿಲಲ್ಲಿ ಒಂದು ಸೀರೆ.

ಅಂದಿನಿಂದ ‘ರಿ’ ಹಚ್ಚಿ ಮಾತಾಡುವ ಸರದಿ ಅವಳದಾಯಿತು.

ಕಡಿದರೆ ಎಕ್ಕೆ ಸಾಯುವುದಿಲ್ಲ; ದನ ಕಾಯುವವನಿಗೂ ಇದು ಗೊತ್ತು, ಹಿರಿಯರಿಗೆ ನೆನಪಾಗಲಿಲ್ಲ. ಮಳೆ ಬಿದ್ದೊಡನೆ ಬುಡ ಚಿಗುರಿತು. "ಅಕ್ಕ ತಿರುಗಿ ಬಂದಾಳ ನೋಡ್ರಿ. ಅಕ್ಕ ಆದ್ರೂ ನನಗಿಂತ ಸಣ್ಣಾಕಿ," ಎಂದು ನಕ್ಕ ದಾನವ್ವ ದಿನಾ ಅದಕ್ಕೊಂದು ತಂಬಿಗೆ ನೀರು ಹಾಕಿದಳು.

ಒಂಬತ್ತು ವರ್ಷ ಬಾಳಿದರು. ಯಾರದೇ ಮದುವೆಯಿರಲಿ, ಅವಳು ಚಪ್ಪರದ ಹೊರಗೆ ಕೂತಳು; ಅವನೂ ಎದ್ದು ಹೋಗಿ ಅವಳ ಪಕ್ಕದಲ್ಲೇ ಕೂತ. ಅವಳು ಅವನಲ್ಲಿ ಬೇಡಿದ್ದು ಒಂದೇ: "ನಾ ಮೊದಲ ಹೋದ್ರ ಮುತ್ತೈದಿ ಹಂಗ ಕಳಸ್ರಿ. ಹಸರು ಸೀರಿ ಉಡಸ್ರಿ."

ಕಳೆದ ವರ್ಷ, 1947ರಲ್ಲಿ, ಜ್ವರ ಬಂದು ಹೋದಳು. ಹಸಿರು ಸೀರೆ ತಂದ ಉಡಚಪ್ಪನನ್ನು ದೈವದ ಹಿರಿಯ ಪರಮೇಶ್ವರಪ್ಪ ಬಾಗಿಲಲ್ಲೇ ತಡೆದ.

"ಉಡಿಕಿ ಹೆಂಗಸಿಗೆಲ್ಲಿ ಮುತ್ತೈದಿತನ? ನಿನ್ನ ಲಗ್ನದ ಹೇಣ್ತಿ ಬೇಲ್ಯಾಗ ಹೂ ಬಿಟ್ಕೊಂಡು ನಿಂತಾಳ, ಹೋಗಿ ನೋಡು."

ಉಡಚಪ್ಪ ಹಾರೆ ತೆಗೆದುಕೊಂಡು ಹೋದ. ಎಕ್ಕೆಯನ್ನು ಬೇರುಸಹಿತ ಕಿತ್ತು ತಂದು ಹಿರಿಯನ ಕಾಲ ಬಳಿ ಇಟ್ಟ. ಕೈತುಂಬ ಅದರ ಹಾಲು ಸೋರುತ್ತಿತ್ತು.

"ಈಕಿನೂ ಸತ್ತಳ್ರಿ. ಈಗ ಹೇಳ್ರಿ, ನನ್ನ ಹೇಣ್ತಿ ಯಾರು?"

ಪರಮೇಶ್ವರಪ್ಪ ಬಾಗಿಲು ಬಿಟ್ಟು ಸರಿದ. ಅರಿಶಿಣ ಹಚ್ಚಲು ಓಣಿಯ ಒಬ್ಬ ಹೆಣ್ಣುಮಗಳೂ ಒಳಗೆ ಬರಲಿಲ್ಲ. ಉಡಚಪ್ಪನೇ ಹಚ್ಚಿದ. ಬಳೆ ಇಡಿಸಿ ರೂಢಿಯಿಲ್ಲದ ಕೈ, ಎರಡು ಒಡೆದವು.

ನಿಮ್ಮ ಓಣಿಯಲ್ಲೂ ನಾಳೆ ಒಂದು ಉಡಿಕೆ ಆಗುತ್ತದೆ. ಹೆಣ್ಣನ್ನು ಮುಂಬಾಗಿಲಿನಿಂದ ಕರೆಯಿರಿ. ನಿಮ್ಮ ಹೆಂಡತಿಯ ಕೈಗೆ ಅರಿಶಿಣದ ಬಟ್ಟಲು ಕೊಟ್ಟು ಕಳಿಸಿ. ಆ ಹೆಣ್ಣು ಬದುಕಿರುವಾಗಲೇ ಕಳಿಸಿ.