ಹತ್ತು ಕ್ಯಾನ್ ಕಡಲು

ಟೀಚರ ಬಲಗೈ ಮೊಣಕೈವರೆಗೆ ಯಾವಾಗಲೂ ಬೆಳ್ಳಗಿರುತ್ತಿತ್ತು. ಪೌಡರ್ ಅಲ್ಲ, ಉಪ್ಪು. ದಿನಕ್ಕೆ ಹತ್ತು ಸಲ ಕಡಲ ನೀರಿಗೆ ಕೈ ಅದ್ದುವುದು, ಒರೆಸದೆ ಹಾಗೇ ಒಣಗಲು ಬಿಡುವುದು. ಬಳೆಗಳ ಸಂದಿಯಲ್ಲೂ ಉಪ್ಪಿನ ಹುಡಿ. ಈರುಳ್ಳಿಗೂ ಪ್ರವೇಶವಿಲ್ಲದ ಆ ಮನೆಯ ಬಾಗಿಲು ತೆಗೆದರೆ ಕಾಪು ಕಡಲ ತೀರದ ವಾಸನೆ. ಬಾಡಿಗೆಗೆ ಮನೆ ಕೇಳಲು ಹೋದ ದಿನ ನಾನು ಮೂಗು ಮುರಿದದ್ದನ್ನು ಅವರು ನೋಡಿಬಿಟ್ಟರು. "ಮೀನಲ್ಲ ಮಾರಾಯ್ರೆ, ಮರುವಾಯಿ. ಸಾಕಿದ್ದೇನೆ" ಎಂದರು, ದನ ಸಾಕಿದ್ದೇನೆ ಅನ್ನುವಷ್ಟು ಸಲೀಸಾಗಿ.

ನಾನು ಬಾಗಲಕೋಟೆ ಕಡೆಯವನು. ಮಣಿಪಾಲದ ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸ ಸಿಕ್ಕಿ, ತೊಂಬತ್ತರ ದಶಕದ ಕೊನೆಯಲ್ಲಿ ಹೊಸ ಹೆಂಡತಿಯನ್ನು ಕಟ್ಟಿಕೊಂಡು ಇಲ್ಲಿಗೆ ಬಂದವನು. ಮರುವಾಯಿ ಎಂದರೆ ಏನೆಂದೇ ಗೊತ್ತಿರಲಿಲ್ಲ. ಎರಡು ಚಿಪ್ಪಿನ ನಡುವೆ ಮೈ ಅಡಗಿಸಿಕೊಂಡು ಮರಳಿನಲ್ಲಿ ಹುದುಗಿ ಬದುಕುವ ಕಡಲ ಜೀವಿ ಅದು. ಈ ಊರಿನ ಅರ್ಧ ಜನ ಅದಕ್ಕೆ ಕಾಯಿ ಅರೆದು ಹಾಕಿ ಚಪ್ಪರಿಸಿ ಉಣ್ಣುತ್ತಾರೆ. ಟೀಚರ ಮನೆಯವರು ಉಳಿದ ಅರ್ಧ. ತಂದೆ, ಅಣ್ಣ ಎಲ್ಲರೂ ದೇವಸ್ಥಾನದ ಪೂಜೆಯವರು. ಇವರು ಕಾಪುವಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ, ಮದುವೆಗಿದುವೆ ಎಂದು ತಲೆ ಕೆಡಿಸಿಕೊಳ್ಳದೆ ನಿವೃತ್ತರಾಗಿ, ಅಲೆವೂರಿನಲ್ಲಿ ಮನೆ ಕಟ್ಟಿಕೊಂಡಿದ್ದರು. ಕೆಳಗಿನ ಕೋಣೆಯಲ್ಲಿ ನಾಲ್ಕಡಿಯ ಗಾಜಿನ ತೊಟ್ಟಿ. ಅದರಲ್ಲಿ ಒಂದು ಗೇಣು ಮರಳು, ಕಾಪುವಿನ ಬಂಡೆಯ ಚೂರುಗಳು, ಅವಕ್ಕೆ ಅಂಟಿಕೊಂಡ ಕಡಲ ಹೂ ಎಂಬ ಪುಟ್ಟ ಜೀವಿಗಳು, ಹದಿನಾಲ್ಕು ಮರುವಾಯಿ. ಮಹಡಿಯ ಮೇಲೆ ನಾವು.

ಮನೆ ಕೊಡುವಾಗ ಅವರು ಹಾಕಿದ ಷರತ್ತು ಕೇಳಿ ನನ್ನ ಹೆಂಡತಿ ಬಾಯಿಬಾಯಿ ಬಿಟ್ಟಳು. ಸಂಜೆ ಏಳರ ಮೇಲೆ ರೊಟ್ಟಿ ಬಡಿಯಬಾರದು.

"ಅಯ್ಯ ಶಿವನೇ, ರೊಟ್ಟಿ ಬಡದ್ರ ಏನಾಕ್ಕೈತ್ರಿ ಟೀಚರಮ್ಮ?"

"ಅವು ರಾತ್ರಿಯೇ ಹೊರಗೆ ಬರುವುದು ಮಗಾ. ಸಣ್ಣ ಅದುರು ಆದ್ರೂ ಗೊತ್ತಾಗ್ತದೆ. ನೀವು ಮೇಲೆ ಧಡಧಡ ಮಾಡಿದ್ರೆ ಇವು ಬಾಯಿ ಮುಚ್ಚಿ ಉಪವಾಸ ಮಲಗ್ತವೆ."

ಹೀಗೆ ಮರುವಾಯಿಯ ದೆಸೆಯಿಂದ ನಾನು ಆ ಮನೆಯಲ್ಲಿ ಇದ್ದಷ್ಟು ವರ್ಷ ಆರಿದ ರೊಟ್ಟಿ ತಿಂದೆ. ಸಿಟ್ಟು ಬರುತ್ತಿರಲಿಲ್ಲವೇ? ಬರುತ್ತಿತ್ತು. ಚಿಪ್ಪಿಗೆ ಇಷ್ಟು ಉಪಚಾರ, ಬಾಡಿಗೆದಾರನಿಗೆ ಇಲ್ಲ ಎಂದು ಗೊಣಗುತ್ತಿದ್ದೆ.

ಅವರು ಈ ಕೆಲಸಕ್ಕೆ ಬಿದ್ದದ್ದರ ಹಿಂದೆ ಒಂದು ಅವಮಾನವಿತ್ತು. ಅದನ್ನು ಅವರೇ ನಗುತ್ತ ಹೇಳುತ್ತಿದ್ದರು. ನಿವೃತ್ತಿಯ ವರ್ಷ ಬೋರ್ಡಿನ ಮೇಲೆ ಮರುವಾಯಿಯ ಚಿತ್ರ ಬರೆದು ಪಾಠ ಮಾಡುತ್ತಿದ್ದಾಗ ಮೀನು ಹಿಡಿಯುವ ಮೊಗವೀರರ ಮನೆಯ ಹುಡುಗಿಯೊಬ್ಬಳು ಎದ್ದು ನಿಂತು, "ಟೀಚರ್, ಅದು ರಾತ್ರಿ ನಡೀತದೆ. ನೀವು ನೋಡಿದ್ದೀರಾ?" ಎಂದು ಕೇಳಿದಳಂತೆ. ಇಡೀ ತರಗತಿ ಗೊಳ್ಳೆಂದಿತು. "ಅಷ್ಟು ವರ್ಷ ಕಲಿಸಿದ್ದೇನೆ, ಒಂದಾದರೂ ಜೀವ ಇರುವ ಮರುವಾಯಿ ನೋಡಿದ್ದೇನಾ? ಇಲ್ಲ. ಆ ಹುಡುಗಿ ಕೇಳಿದ್ದು ಸರಿಯೇ ಅಲ್ವಾ?" ಎನ್ನುತ್ತಿದ್ದರು. ನಿವೃತ್ತರಾದ ತಿಂಗಳೇ ತೊಟ್ಟಿ ಬಂತು. ಕಾಪುವಿನಲ್ಲಿ ಮರುವಾಯಿ ಹೆಕ್ಕುವ ಹೆಂಗಸರ ಹತ್ತಿರ ಹೋದಾಗ, "ಭಟ್ಟರ ಮಗಳು ಮರುವಾಯಿ ತಿನ್ಲಿಕ್ಕೆ ಸುರು ಮಾಡಿದ್ರು" ಎಂದು ಅವರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರಂತೆ.

ತೊಟ್ಟಿಯ ನೀರನ್ನು ಆಗಾಗ ಸ್ವಲ್ಪಸ್ವಲ್ಪ ಬದಲಿಸಬೇಕು. ಅದಕ್ಕೆ ಬೇಕಾದ ಕಡಲ ನೀರನ್ನು ಟೀಚರ್ ಕಾಪುವಿನಿಂದ ಕ್ಯಾನಿನಲ್ಲಿ ತುಂಬಿ ಬಸ್ಸಿನಲ್ಲಿ ತರುತ್ತಿದ್ದರು. ಹಾಲಿನ ಡೈರಿಯಿಂದ ಕೇಳಿ ತಂದ, ಹಾಲಿನ ಗಟ್ಟಿತನವನ್ನು ತೇಲಿ ತೋರಿಸುವ ಲ್ಯಾಕ್ಟೋಮೀಟರನ್ನು ಆ ನೀರಿಗೆ ಇಳಿಬಿಟ್ಟು ಉಪ್ಪಿನ ಅಂಶ ನೋಡುವರು. ಬೇಸಿಗೆಯಲ್ಲಿ ಅದು ಎಲ್ಲಿ ನಿಲ್ಲಬೇಕೋ ಅಲ್ಲೇ ನಿಲ್ಲುತ್ತಿತ್ತು. ಮಳೆಗಾಲದಲ್ಲಿ ಹೊಳೆಗಳ ಕೆಸರು ನೀರು ಸೇರಿ ದಡದ ಕಡಲೆಲ್ಲ ಸಪ್ಪೆ, ಲ್ಯಾಕ್ಟೋಮೀಟರು ಮುಳುಗಿಯೇ ಹೋಗುತ್ತಿತ್ತು. ಆದ್ದರಿಂದ ಮೇ ತಿಂಗಳಲ್ಲೇ ಹತ್ತು ದೊಡ್ಡ ಕ್ಯಾನು ತುಂಬಿಸಿ, ಬಿಸಿಲು ಬೀಳದ ಹಿಂದಿನ ಜಗಲಿಯಲ್ಲಿ ಸಾಲಾಗಿ ಇಡುತ್ತಿದ್ದರು. ಇಡೀ ಮಳೆಗಾಲಕ್ಕೆ ಆ ಹದಿನಾಲ್ಕು ಜೀವಗಳಿಗೆ ಅದೇ ಆಧಾರ.

ಆ ಹತ್ತು ಕ್ಯಾನನ್ನೂ ನಾನು ಚೆಲ್ಲಿದೆ.

ನಾವು ಬಂದ ಎರಡನೇ ವರ್ಷ. ಆಷಾಢದ ಹುಣ್ಣಿಮೆಗೆ ಚಂದ್ರಗ್ರಹಣ ಬಂತು. ಹೆಂಡತಿಗೆ ಏಳು ತಿಂಗಳು. ಊರಿನಿಂದ ಅವ್ವ ಫೋನಿನಲ್ಲಿ ಸಾರಿಸಾರಿ ಹೇಳಿದ್ದಳು: ಬಸುರಿ ಹೊರಗ ಬರಬಾರದು, ಗ್ರಹಣ ಬಿಟ್ಟ ಮ್ಯಾಲೆ ಮನ್ಯಾಗಿನ ಹನಿ ನೀರೂ ಉಳೀಬಾರದು. ಟೀಚರ್ ಅಂದು ಕಾರ್ಕಳದ ಅಣ್ಣನ ಮನೆಗೆ ಹೋಗಿದ್ದರು. ಬೆಳಗಾಗೆದ್ದು ನಮ್ಮ ಬಿಂದಿಗೆ, ಹಂಡೆ ಎಲ್ಲ ಚೆಲ್ಲಿ ಕೆಳಗಿಳಿದು ನೋಡುತ್ತೇನೆ, ಹತ್ತು ಕ್ಯಾನಿನ ಮುಚ್ಚಳದ ಮೇಲೂ ಒಂದೊಂದು ಎಳೆ ದರ್ಭೆ! ಗ್ರಹಣದ ಮೈಲಿಗೆಯ ನೀರು, ಚೆಲ್ಲಲೆಂದೇ ಗುರುತು ಮಾಡಿಟ್ಟಿದ್ದಾರೆ, ಪಾಪ, ವಯಸ್ಸಾದವರು ಎತ್ತಲಾರರು, ಕಡಲಿನಿಂದ ಹೊಸದು ತಂದರಾಯಿತು ಎಂದುಕೊಂಡೆ. ಉಪಕಾರ ಮಾಡುವ ಹುರುಪಿನಲ್ಲಿ ಒಂದೊಂದನ್ನೇ ಎತ್ತಿ ಅಂಗಳಕ್ಕೆ ಬಗ್ಗಿಸಿದೆ. ಕ್ಯಾನುಗಳನ್ನು ತೊಳೆದು ಬೋರಲು ಹಾಕಿದೆ ಕೂಡ.

ಟೀಚರ್ ಮೊದಲ ಬಸ್ಸಿಗೇ ಬಂದರು. ಬೋರಲು ಬಿದ್ದ ಕ್ಯಾನುಗಳನ್ನು ನೋಡಿ ನಿಂತರು.

"ಎಷ್ಟು ಚೆಲ್ಲಿದ್ರಿ?"

"ಎಲ್ಲಾ ಚೆಲ್ಲೀನ್ರಿ ಟೀಚರ್. ನೀವೇನ್ ಕಾಳಜಿ ಮಾಡಬ್ಯಾಡ್ರಿ" ಎಂದೆ, ಹೆಮ್ಮೆಯಿಂದ.

ಅವರು ಮೆಟ್ಟಿಲ ಮೇಲೆ ಕುಳಿತುಬಿಟ್ಟರು. "ದರ್ಭೆ ಇಟ್ಟದ್ದು ಮೈಲಿಗೆ ಆಗದ ಹಾಗೆ. ದರ್ಭೆ ಇದ್ದದ್ದನ್ನು ಚೆಲ್ಲಲಿಕ್ಕೆ ಇಲ್ಲ" ಎಂದರು. ಅಷ್ಟೇ. ಬೈದಿದ್ದರೆ ನೆಟ್ಟಗಿರುತ್ತಿತ್ತು, ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ. ಉಪ್ಪು ಕರಗಿಸಿ ಹಾಕೋಣವೇ ಎಂದು ತೊದಲಿದೆ. "ಉಪ್ಪುನೀರು ಅಂದ್ರೆ ಕಡಲಾ? ಮಾವಿನಕಾಯಿಗೆ ಉಪ್ಪು ಸವರಿದ ಕೂಡ್ಲೇ ಉಪ್ಪಿನಕಾಯಿ ಆಗ್ತದಾ ಮಾರಾಯ್ರೆ?" ಎಂದರು. ಮನೆ ಖಾಲಿ ಮಾಡಿ ಎನ್ನುತ್ತಾರೆಂದು ನಾನು ಕಾದು ನಿಂತಿದ್ದೆ. ಅವರು ಎದ್ದು ಸೆರಗು ಕೊಡವಿಕೊಂಡು, "ಇವತ್ತಿನಿಂದ ರಾತ್ರಿ ಪಾಳಿ. ಹನ್ನೊಂದಕ್ಕೆ ನಾನು, ಎರಡು ಗಂಟೆಗೆ ನೀವು" ಎಂದರು.

ನೀರು ಬದಲಿಸುವಂತಿಲ್ಲ ಎಂದ ಮೇಲೆ ಇದ್ದ ನೀರು ಕೆಡದಂತೆ ನೋಡಿಕೊಳ್ಳಬೇಕು. ಮರುವಾಯಿ ಒಂದು ಸತ್ತರೆ ಬೆಳಗಾಗುವುದರೊಳಗೆ ಕೊಳೆತು ನೀರನ್ನೆಲ್ಲ ಕೆಡಿಸಿ ಉಳಿದವನ್ನೂ ಕೊಲ್ಲುತ್ತದೆ. ಅದಕ್ಕೇ ಕಾವಲು. ಟಾರ್ಚಿನ ಬಾಯಿಗೆ ಕೆಂಪು ಜಿಲೆಟಿನ್ ಕಾಗದ ಕಟ್ಟಿ ಕೊಟ್ಟರು. ಬಿಳಿ ಬೆಳಕು ಬಿದ್ದರೆ ಅವು ಒಳಗೆ ಸೇರಿಕೊಳ್ಳುತ್ತವೆ, ಕೆಂಪಿಗೆ ಅಷ್ಟು ಹೆದರುವುದಿಲ್ಲ. ಇನ್ನೊಂದು ಕೈಗೆ ಹಿಡಿಸೂಡಿ ಪೊರಕೆಯ ಒಂದು ಕಡ್ಡಿ. "ಚಿಪ್ಪು ಕೂದಲೆಳೆಯಷ್ಟು ತೆರೆದಿದ್ರೆ ಸುಖವಾಗಿ ಉಂಟು ಅಂತ ಅರ್ಥ. ಅಗಲ ತೆರೆದಿದ್ರೆ ಮೆಲ್ಲ ಮುಟ್ಟಿ. ಮುಚ್ಚಿದ್ರೆ ಬಿಟ್ಟುಬಿಡಿ. ಮುಚ್ಚದಿದ್ರೆ ನನ್ನನ್ನು ಎಬ್ಬಿಸಿ."

ಮೊದಲ ರಾತ್ರಿ ಶಾಪ ಹಾಕುತ್ತಲೇ ಕುಳಿತೆ. ಹೊರಗೆ ಧೋ ಎಂದು ಮಳೆ. ಹಗಲು ನೋಡಿದರೆ ಮರಳಿನಲ್ಲಿ ಜೋಡಿಜೋಡಿ ಸಣ್ಣ ತೂತು ಬಿಟ್ಟರೆ ಮರುವಾಯಿಯ ಸುಳಿವೇ ಕಾಣದ ತೊಟ್ಟಿ ಅದು. ಸ್ವಲ್ಪ ಹೊತ್ತಿಗೆ ಆ ತೂತುಗಳಿಂದ ಜೋಡಿ ಕೊಳವೆಗಳು ಮೇಲೆದ್ದವು. ಒಂದು ನೀರನ್ನು ಒಳಗೆಳೆಯುತ್ತದೆ, ಇನ್ನೊಂದು ಸೋಸಿದ ನೀರನ್ನು ಹೊರಗೆ ಬಿಡುತ್ತದೆ. ಮೂಲೆಯಲ್ಲಿದ್ದ ಒಂದು ಮರಳು ಸರಿಸಿ ಪೂರ್ತಿ ಮೇಲೆ ಬಂತು, ನಾಲಿಗೆಯಂಥ ಬಿಳಿ ಕಾಲು ಚಾಚಿತು, ಒಂದು ಎಳೆತ ಎಳೆದು ನಿಂತಿತು, ಮತ್ತೆ ಎಳೆಯಿತು. ನಡೆಯುತ್ತದೆ ಅಂದರೆ ನಿಜಕ್ಕೂ ನಡೆಯುತ್ತದೆ! ನಾನು ಗಾಜಿಗೆ ಮೂಗು ಒತ್ತಿ ಕುಳಿತಿದ್ದೆ. ಬೆಳಿಗ್ಗೆ ಟೀಚರ್ ಮರಳಿನ ಮೇಲಿನ ಗೀರು ನೋಡಿ, "ಇವ ನಿನ್ನೆ ತಿರುಗಾಟಕ್ಕೆ ಹೋಗಿದ್ದಾನೆ, ಕಂಡಿರಾ?" ಎಂದು ಕೇಳಿದರು. ಕಂಡೆ ಎಂದೆ. ಅವರ ಮುಖ ಅರಳಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಕರೆಂಟು ಹೋದ ರಾತ್ರಿಗಳು ಬೇರೆ. ಗಾಳಿ ಊದುವ ಮೋಟಾರು ನಿಂತರೆ ಜೀವಗಳಿಗೆ ಉಸಿರುಗಟ್ಟುತ್ತದೆ. ಆಗ ತೊಟ್ಟಿಯ ಒಂದು ಮೂಲೆಯಲ್ಲಿ ಲೋಟದಿಂದ ನೀರು ತುಂಬಿ, ಹೋಟೆಲಿನವರು ಕಾಫಿ ಎತ್ತಿ ಹೊಯ್ಯುವ ಹಾಗೆ ಎತ್ತರದಿಂದ ಹೊಯ್ಯಬೇಕು. ಟೀಚರೂ ನಾನೂ ಸರದಿಯಲ್ಲಿ ಹೊಯ್ದೆವು. ನಿದ್ದೆ ಬಾರದ ನನ್ನ ಬಸುರಿ ಹೆಂಡತಿಯೂ ಬಂದು ಕುರ್ಚಿಯಲ್ಲಿ ಕುಳಿತು ನಾಲ್ಕು ಲೋಟ ಹೊಯ್ಯುತ್ತಿದ್ದಳು. ಕೆಂಪು ಬೆಳಕಿನಲ್ಲಿ ಅವುಗಳ ಸಂಚಾರ ನೋಡಿದ ಮೇಲೆ ಅವಳು ರೊಟ್ಟಿಯನ್ನು ಆರು ಗಂಟೆಗೇ ಮುಗಿಸತೊಡಗಿದಳು.

ಆದರೂ ಸತ್ತವು. ವಾರಕ್ಕೆ ಎರಡು, ಮೂರು. ಕಡ್ಡಿ ಮುಟ್ಟಿಸುತ್ತೇನೆ, ಮುಚ್ಚುವುದಿಲ್ಲ. ಇನ್ನೊಮ್ಮೆ ಮುಟ್ಟಿಸುತ್ತೇನೆ, ಮುಚ್ಚೇ ತಾಯಿ ಎಂದು ಬೇಡುತ್ತೇನೆ. ಆಮೇಲೆ ಹೋಗಿ ಟೀಚರನ್ನು ಎಬ್ಬಿಸಬೇಕು. ಅವರು ಬಂದು, ತೋಳು ಮುಳುಗಿಸಿ, ಸತ್ತದ್ದನ್ನು ಎತ್ತಿ ತೆಂಗಿನ ಬುಡದಲ್ಲಿ ಮಣ್ಣು ಮಾಡಿ, ಸ್ನಾನ ಮಾಡಿ ಬಂದು ಮಲಗುತ್ತಿದ್ದರು. ಒಂಬತ್ತು ಸಲ ಹೀಗಾಯಿತು. ಒಂಬತ್ತು ಸಲವೂ ನಾನು ಕ್ಷಮೆ ಕೇಳಬೇಕೆಂದು ಬಾಯಿ ತೆರೆದು ಮುಚ್ಚಿದೆ.

ಮಳೆಗಾಲದ ರಜೆ ಮುಗಿದು ಮಲ್ಪೆಯ ದೋಣಿಗಳು ಕಡಲಿಗೆ ಇಳಿಯುವ ಹಿಂದಿನ ದಿನ ಹತ್ತೂ ಕ್ಯಾನು ಹೊತ್ತುಕೊಂಡು ಬಂದರಿಗೆ ಹೋದೆ. ದೂರದ ಕಡಲಲ್ಲಿ ತುಂಬಿಸಿ ತಂದುಕೊಡಿ ಎಂದು ಒಂದು ಬೋಟಿನವರ ಮುಂದೆ ಕೈ ಮುಗಿದೆ. "ಮೀನು ಕೇಳಿದವರನ್ನು ನೋಡಿದ್ದೇವೆ, ನೀರು ಕೇಳಿದವರನ್ನು ಇವತ್ತೇ ನೋಡುವುದು ಮಾರಾಯ" ಎಂದು ಅವರು ಬಿದ್ದು ಬಿದ್ದು ನಕ್ಕರು. ನಕ್ಕರೂ ತಂದುಕೊಟ್ಟರು. ಟೆಂಪೋದಿಂದ ಕ್ಯಾನು ಇಳಿಸುವಾಗ ಟೀಚರ್ ಓಡಿ ಬಂದು ಲ್ಯಾಕ್ಟೋಮೀಟರು ಇಳಿಬಿಟ್ಟರು. ಅದು ನಿಲ್ಲಬೇಕಾದಲ್ಲೇ ನಿಂತಿತು. ಅವರ ಕಣ್ಣಲ್ಲಿ ನೀರು. ಐದು ಮರುವಾಯಿ ಉಳಿದವು. ಮುಂದಿನ ತಿಂಗಳು ನಮಗೆ ಮಗಳು ಹುಟ್ಟಿದಳು. ಆಸ್ಪತ್ರೆಗೆ ಬಂದ ಟೀಚರ್ ಮಗುವಿನ ಅಂಗೈಗೆ ಬೆರಳು ಮುಟ್ಟಿಸಿದರು. ಅದು ಗಪ್ಪನೆ ಹಿಡಿದುಕೊಂಡಿತು. "ಮುಚ್ಚಿತು. ಸುಖವಾಗಿ ಉಂಟು" ಎಂದು ನಕ್ಕರು.

ನಾವು ಅದೇ ಮನೆಯಲ್ಲಿ ಎಂಟು ವರ್ಷ ಇದ್ದೆವು. ಪಾಳಿ ನಿಲ್ಲಲಿಲ್ಲ, ಅದು ಶಿಕ್ಷೆಯಾಗಿ ಉಳಿಯಲೂ ಇಲ್ಲ. ಕೊನೆಗೆ ಟೀಚರಿಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋಯಿತು. ಮಣಿಪಾಲದ ಆಸ್ಪತ್ರೆಯಲ್ಲಿ ರಾತ್ರಿ ಅವರ ಬಳಿ ಕೂರುವ ಪಾಳಿಯೂ ನನ್ನದೇ. ಒಂದು ರಾತ್ರಿ ತಡೆಯಲಾರದೆ ಹೇಳಿಬಿಟ್ಟೆ: "ಟೀಚರ್, ಆ ಹತ್ತು ಕ್ಯಾನು... ನಂದು ತಪ್ಪಾತ್ರಿ. ಅವತ್ತೇ ಹೇಳಬೇಕಿತ್ತು."

ಅವರ ಮಾತು ತೊದಲುತ್ತಿತ್ತು. ನಿಧಾನವಾಗಿ, ಒಂದೊಂದೇ ಶಬ್ದ ಹುಡುಕಿ ಹೇಳಿದರು. "ನಿಮ್ಮದು ಎಂತ ತಪ್ಪು? ದರ್ಭೆ ಇಟ್ಟದ್ದು ನಾನಲ್ವಾ? ಮಕ್ಕಳಿಗೆ ಗ್ರಹಣ ಅಂದ್ರೆ ನೆರಳು ಮಾತ್ರ ಅಂತ ಕಲಿಸಿದವಳು. ಕಾರ್ಕಳಕ್ಕೆ ಹೊರಡುವ ಮುಂಚೆ, ಮನೆಯಲ್ಲಿ ಒಬ್ಬಳೇ ಇರುವಾಗ ಹೆದರಿಕೆ ಆಯ್ತು, ಇಟ್ಟೆ. ನಾನು ಇಡದಿದ್ರೆ ನೀವು ಮುಟ್ಟುತ್ತಿರಲಿಲ್ಲ. ಒಂಬತ್ತು ಜೀವ ನನ್ನ ಲೆಕ್ಕಕ್ಕೆ." ಸ್ವಲ್ಪ ಸುಧಾರಿಸಿಕೊಂಡು, "ಕ್ಲಾಸಿನಲ್ಲಿ ಎದ್ದು ಕೇಳಿದ ಆ ಹುಡುಗಿಗೆ ಗೊತ್ತಾದ್ರೆ ಇನ್ನೂ ನಗ್ತಾಳೆ. ಯಾರಿಗೂ ಹೇಳ್ಬೇಡಿ" ಎಂದರು. ಅಷ್ಟೂ ವರ್ಷ ನಾನು ಹೊತ್ತದ್ದನ್ನೇ ಅವರೂ ಹೊತ್ತಿದ್ದರು! ಅದನ್ನು ಕೇಳಿ ನಾನು ಅತ್ತುಬಿಟ್ಟೆ.

ನಾಲ್ಕನೆಯ ದಿನ ನಸುಕಿನಲ್ಲಿ ಅವರ ಬಲಗೈ ಹಿಡಿದು ಕುಳಿತಿದ್ದೆ. ಆಸ್ಪತ್ರೆಯವರು ದಿನವೂ ಒರೆಸಿ ಒರೆಸಿ ಅದರಲ್ಲಿ ಉಪ್ಪಿನ ಗುರುತೇ ಇರಲಿಲ್ಲ. ಆ ಅಂಗೈಗೆ ಬೆರಳು ಮುಟ್ಟಿಸಿದೆ. ಇನ್ನೊಮ್ಮೆ ಮುಟ್ಟಿಸಿದೆ. ಆಮೇಲೆ ಎದ್ದು ಹೋಗಿ ನರ್ಸನ್ನು ಎಬ್ಬಿಸಿದೆ.

ಟೀಚರ್ ಮೊದಲೇ ಹೇಳಿಟ್ಟಿದ್ದ ಪ್ರಕಾರ ತೊಟ್ಟಿಯಲ್ಲಿದ್ದವನ್ನೆಲ್ಲ ಕಾಪುವಿಗೆ ಒಯ್ದು, ಇಳಿತದ ಹೊತ್ತಿನಲ್ಲಿ ಒದ್ದೆ ಮರಳಿನ ಮೇಲೆ ಇಟ್ಟೆವು. ಮಗಳು ಕುಕ್ಕರಗಾಲಲ್ಲಿ ಕುಳಿತು, ಅವು ಕಾಲು ಚಾಚಿ ಒಂದೊಂದಾಗಿ ಒಳಗಿಳಿಯುವುದನ್ನು ಉಸಿರು ಬಿಗಿಹಿಡಿದು ನೋಡಿದಳು.

ಈಗಲೂ ಗ್ರಹಣ ಬಿಟ್ಟ ಬೆಳಿಗ್ಗೆ ನಮ್ಮ ಮನೆಯಲ್ಲಿ ನೀರು ಚೆಲ್ಲುವುದಿಲ್ಲ. ದರ್ಭೆಯನ್ನೂ ಇಡುವುದಿಲ್ಲ. ಬಂದ ನೆಂಟರು ಏಕೆಂದು ಕೇಳಿದಾಗಲೆಲ್ಲ ಏನೋ ಒಂದು ಹೇಳಿ ಜಾರಿಕೊಳ್ಳುತ್ತಿದ್ದೆ. ಯಾರಿಗೂ ಹೇಳಬೇಡಿ ಎಂದಿದ್ದರಲ್ಲ. ಇವತ್ತು ಹೇಳಿಬಿಟ್ಟೆ ಟೀಚರ್, ಇದೊಂದು ತಪ್ಪು ಮಾತ್ರ ಪೂರ್ತಿ ನನ್ನದು.