ಎಣ್ಣೆಬಾವಿ ಅಣ್ಣನ ಸಾಕ್ಷಿ

ಅವರ ಬಲಗೈಯಲ್ಲಿ ಉಳಿದಿದ್ದುದು ಹೆಬ್ಬೆರಳು, ಕಿರುಬೆರಳು ಎರಡೇ. ನಡುವಿನ ಮೂರು ಬೆರಳುಗಳ ಜಾಗದಲ್ಲಿ ನುಣ್ಣಗೆ ಹೊಳೆಯುವ ಚರ್ಮ. ಆ ಎರಡರ ನಡುವೆ ಬಿಸಿ ಕಾಫಿಯ ಲೋಟ ಹಿಡಿದು ಒಂದು ಹನಿಯೂ ಚೆಲ್ಲದೆ ಕುಡಿಯುತ್ತಿದ್ದರು. ಆ ಕೈಯನ್ನು ಎಂದೂ ಮರೆಮಾಡಿದವರಲ್ಲ. ಮದುವೆಮನೆಯಲ್ಲಿ ಹೊಸಬರು ಎದುರಾದರೂ ಅದನ್ನೇ ಎತ್ತಿ ನಮಸ್ಕಾರ ಮಾಡುತ್ತಿದ್ದರು. ಮೈಸೂರಿನ ಕುಂಬಾರಕೊಪ್ಪಲಿನ ನಮ್ಮ ಬೀದಿಯವರೆಲ್ಲ ಅವರನ್ನು ಎಣ್ಣೆಬಾವಿ ಅಣ್ಣ ಎನ್ನುತ್ತಿದ್ದರು.

ಮೊದಲು ಅವರು ಊರಿನಲ್ಲೇ ನಲ್ಲಿಯ ಪೈಪು ಜೋಡಿಸುತ್ತಿದ್ದವರು. ಅರವತ್ತರ ದಶಕದ ಆರಂಭ. ಗುಜರಾತಿನಲ್ಲಿ ನೆಲ ಕೊರೆದು ಎಣ್ಣೆ ತೆಗೆಯುತ್ತಾರಂತೆ, ಪೈಪಿನ ಕೆಲಸ ಬಲ್ಲವರು ಬೇಕಂತೆ ಎಂದು ಒಬ್ಬ ಕಂಟ್ರಾಕ್ಟರನ ಮೇಸ್ತ್ರಿ ಬಂದ. ಅಣ್ಣನೂ ಸೇರಿ ನಮ್ಮ ಕಡೆಯ ಮೂವರು ಅವನ ಜೊತೆ ಹೊರಟರು. ಎರಡನೆಯ ವರ್ಷ ಅಣ್ಣ ಒಬ್ಬರೇ, ಕೈಗೆ ಬಟ್ಟೆ ಸುತ್ತಿಕೊಂಡು ರೈಲಿಳಿದರು.

ನಾನಾಗ ಬಿ.ಎ. ಮುಗಿಸಿ ಒಬ್ಬ ಹಿರಿಯ ವಕೀಲರ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದೆ. ಅಣ್ಣನನ್ನು ಅವರ ಹತ್ತಿರ ಕರೆದುಕೊಂಡು ಹೋದವಳು ನಾನೇ. ಕೆಲಸ ಮಾಡುವಾಗ ಗಾಯಗೊಂಡವನಿಗೆ ಪರಿಹಾರ ಕೊಡಬೇಕೆಂದು ಕಾನೂನು ಆಗಲೇ ಇತ್ತು. ವಕೀಲರು ಗುಜರಾತಿನ ಅಧಿಕಾರಿಗೆ ಅರ್ಜಿ ಕಳುಹಿಸಿದರು. ಕಂಟ್ರಾಕ್ಟರನಿಂದ ಉತ್ತರ ಬಂತು: ಸನ್ನೆ ನೋಡಿಕೊಂಡೇ ಸರಪಳಿ ಮುಟ್ಟಬೇಕೆಂದು ಆಜ್ಞೆಯಿತ್ತು, ಈತ ಅದನ್ನು ಬೇಕೆಂದೇ ಮೀರಿದ. ಬೇಕೆಂದೇ ಮೀರಿದವನಿಗೆ ಕಾನೂನಿನಲ್ಲಿ ಏನೂ ಸಿಗುವುದಿಲ್ಲ. ವಕೀಲರ ಮುಖ ಸಣ್ಣಗಾಯಿತು.

ಮರುದಿನ ಅಣ್ಣ ಹೇಳುತ್ತ ಹೋದರು, ನಾನು ಟೈಪ್ ಮಾಡುತ್ತ ಹೋದೆ. ಬಾವಿಗಿಳಿಸುವ ಪೈಪುಗಳನ್ನು ಒಂದಕ್ಕೊಂದು ತಿರುಚಿ ಜೋಡಿಸಬೇಕು. ಪೈಪಿಗೆ ಸರಪಳಿ ಸುತ್ತಿ ಕೈ ತೆಗೆದ ಮೇಲೆ ಇಂಜಿನ್ ಅದನ್ನು ಎಳೆಯುತ್ತದೆ. ಅಂದು ಕೆಸರಿಗೆ ಸರಪಳಿ ಜಾರಿತ್ತು. ಸರಿಮಾಡಲು ಕೈ ಹಾಕಿದಾಗಲೇ ಇಂಜಿನ್ ಎಳೆಯಿತು. ‘ನಿಲ್ಸು’ ಎಂದು ಕೂಗಿದರು, ನಿಲ್ಲಲಿಲ್ಲ.

ನಾನು ಟೈಪು ನಿಲ್ಲಿಸಿ ಕೇಳಿದೆ: “ನೀವು ಕೂಗಿದ್ದು ಯಾರಿಗೆ ಕೇಳಿಸಬೇಕಿತ್ತು ಅಣ್ಣ?”

“ಇಂಜಿನ್ ಸದ್ದಲ್ಲಿ ಯಾರ್ಗೂ ಕೇಳಾಕಿಲ್ಲ ಕಣಮ್ಮ. ಅದ್ಕೇ ಮಧ್ಯದಲ್ಲಿ ಒಬ್ಬ ಕೆಂಪು ಬಟ್ಟೆ ಇಡ್ಕೊಂಡು ನಿಂತಿರ್ತಿದ್ದ. ನಮ್ಮ ಕೈ ನೋಡಿ ಇಂಜಿನ್ನೋನಿಗೆ ಸನ್ನೆ ಮಾಡೋನು. ಎಲ್ಡು ತಿಂಗಳ ಮುಂಚೆ ಅವನನ್ನ ಬೇರೆ ಕೆಲಸಕ್ಕೆ ಆಕ್ಬುಟ್ರು.”

ವಕೀಲರು ಕನ್ನಡಕ ತೆಗೆದರು. “ಇದನ್ನ ಮೊದಲೇ ಯಾಕ್ರೀ ಹೇಳಲಿಲ್ಲ?”

“ಯಾರೂ ಕೇಳ್ನಿಲ್ವಲ್ಲ ಸೋಮಿ.”

ಆ ವಾರವೇ ಮೇಸ್ತ್ರಿ ಮತ್ತೆ ಬಂದ. ತಪ್ಪು ನನ್ನದೇ ಎಂದು ಸಹಿ ಹಾಕಿದರೆ ಕಂಟ್ರಾಕ್ಟರ್ ಒಂದಿಷ್ಟು ಕೊಟ್ಟು ಮುಗಿಸುತ್ತಾರೆ ಎಂದ. ಅಣ್ಣನ ಹೆಂಡತಿ ಆಗ ಊದುಬತ್ತಿ ಹೊಸೆದು ಮನೆ ನಡೆಸುತ್ತಿದ್ದರು. ಆಕೆ ಕೆಲಸ ನಿಲ್ಲಿಸಿ ಗಂಡನ ಮುಖ ನೋಡಿದರು.

“ನಮ್ಮೋರು ಇನ್ನಿಬ್ರು ಅಲ್ಲೇ ಅವ್ರೆ,” ಎಂದರು ಅಣ್ಣ. “ತಪ್ಪು ನಂದು ಅಂದ್ಬುಟ್ರೆ ಆ ಸನ್ನೆಯೋನ ಜಾಗಕ್ಕೆ ಇನ್ಯಾರೂ ಬರಾಕಿಲ್ಲ. ನೀವು ಓಗ್ಬನ್ನಿ.”

“ಅಂಗೇ ಆಗ್ಲಿ ಬುಡಿ,” ಎಂದು ಆಕೆ ಮತ್ತೆ ಊದುಬತ್ತಿ ಹೊಸೆಯತೊಡಗಿದರು.

ದಾವೆ ಗುಜರಾತಿನದಾದರೂ ಅಣ್ಣನ ಹೇಳಿಕೆಯನ್ನು ಮೈಸೂರಿನ ಅಧಿಕಾರಿಯ ಮುಂದೆಯೇ ದಾಖಲಿಸಲು ಅಪ್ಪಣೆಯಾಯಿತು. ಬರೆದುಕೊಳ್ಳಲು ನಾನು ಟೈಪ್‌ರೈಟರ್ ಸಮೇತ ಹೋಗಿದ್ದೆ. ಕಂಟ್ರಾಕ್ಟರನ ವಕೀಲರು ಆಜ್ಞೆ ಮೀರಿದ ಮಾತನ್ನೇ ತಿರುತಿರುಗಿಸಿ ಕೇಳಿದರು. ಅಣ್ಣ ಅಧಿಕಾರಿಯ ಕಡೆ ತಿರುಗಿ, “ಒಸಿ ಮಾಡಿ ತೋರಿಸ್ಲಾ ಸೋಮಿ?” ಎಂದರು. ಅಧಿಕಾರಿ ಒಪ್ಪಿದರು.

ಅಣ್ಣ ಮನೆಯಿಂದ ತಂದಿದ್ದ ತುಂಡು ಪೈಪನ್ನು ಮೇಜಿನ ಕಾಲಿಗೆ ಕಟ್ಟಿ, ಅದಕ್ಕೆ ಹಗ್ಗ ಸುತ್ತಿದರು. ತುದಿಯನ್ನು ಎದುರು ವಕೀಲರ ಕೈಗೆ ಕೊಟ್ಟು, ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿದರು. ಜವಾನನಿಗೆ ಕಬ್ಬಿಣದ ಬೀರು ಬಡಿಯಲು ಹೇಳಿದರು. ನನಗೆ, “ನೀನೂ ಜೋರಾಗಿ ಕುಟ್ಟು ಕಣಮ್ಮ” ಎಂದರು. “ಎಳೀರಿ ಸಾರ್. ನಾನು ನಿಲ್ಸಿ ಅಂದ್ ತಕ್ಷಣ ನಿಲ್ಸಿ.”

ವಕೀಲರು ಎಳೆದರು. ಅಣ್ಣ ಉಳಿದ ಎರಡು ಬೆರಳನ್ನು ಹಗ್ಗದೊಳಗೆ ತೂರಿಸಿ “ನಿಲ್ಸಿ” ಎಂದರು. ಹಗ್ಗ ಬಿಗಿಯುತ್ತಲೇ ಇತ್ತು. ಮತ್ತೆ “ನಿಲ್ಸಿ” ಎಂದರು. ಬೆರಳು ಕಪ್ಪಿಟ್ಟಿದ್ದು ಕಂಡು ನನ್ನ ಕೈ ತಾನಾಗಿ ನಿಂತಿತು. ಅಧಿಕಾರಿ ಎದ್ದು ಬಂದು ಹಗ್ಗ ಹಿಡಿದರು.

ಕೋಣೆಯ ಸದ್ದಡಗಿದ ಮೇಲೆ ಅಣ್ಣ ಹೇಳಿದರು: “ಸನ್ನೆ ಮಾಡೋನ್ನೇ ತೆಗೆದ್ ಮೇಲೆ, ಯಾವ ಸನ್ನೆ ಮೀರಿದೆ ಸೋಮಿ ನಾನು?”

ಅಧಿಕಾರಿ ಆ ಮಾತನ್ನು ಹಾಗೆಯೇ ಬರೆದುಕೊಳ್ಳಲು ಹೇಳಿದರು. ಎದುರು ವಕೀಲರು ತಮ್ಮ ಕಾಗದಗಳನ್ನು ಮಡಚಿಟ್ಟರು.

ಕೆಲವು ತಿಂಗಳಲ್ಲಿ ಅಣ್ಣನ ಪರ ತೀರ್ಪಾಯಿತು. ಪರಿಹಾರ ಬಂತು, ಮನೆ ಚೇತರಿಸಿಕೊಂಡಿತು. ಆದರೆ ಅಣ್ಣ ಬೀದಿಗೆಲ್ಲ ತೋರಿಸಿದ್ದು ತೀರ್ಪಿನ ಕಾಗದವನ್ನಲ್ಲ. ಅಲ್ಲೇ ಉಳಿದಿದ್ದ ಗೆಳೆಯನಿಂದ ಒಂದು ಕಾರ್ಡು ಬಂದಿತ್ತು: ‘ಈಗ ಎರಡು ಪಾಳಿಗೂ ಒಬ್ಬೊಬ್ಬ ಕೆಂಪು ಬಟ್ಟೆಯವನು ನಿಲ್ಲುತ್ತಾನೆ. ನಾವು ಕ್ಷೇಮ.’ ಅದನ್ನು ಮನೆಮನೆಗೂ ಒಯ್ದು ಓದಿಸಿದರು. ನಮ್ಮ ಮನೆಯಲ್ಲಿ ಎರಡು ಸಲ.

ಹಾಗೆ ಬಂದಾಗಲೇ ಅವರು ನಮ್ಮ ತಂದೆಯ ಎದುರು ಕೂತು ಹೇಳಿದ್ದು: “ವಕೀಲ್ರು ಕೇಳ್ದೆ ಇದ್ದುದ್ದ ನಿಮ್ಮ ಮಗಳು ಕೇಳಿದ್ಳು ಕಣ್ರೀ. ಇವಳು ಬರೇ ಟೈಪ್ ಕುಟ್ಕೊಂಡಿರೋದು ತರವಲ್ಲ. ಲಾ ಓದ್ಸಿ.” ತಂದೆ ನಕ್ಕು ಮಾತು ತೇಲಿಸಿದರು. ಅಣ್ಣ ಮುಂದಿನ ಭಾನುವಾರ ಮತ್ತೆ ಬಂದರು. ಅದರ ಮುಂದಿನ ಭಾನುವಾರವೂ ಬಂದರು. ಮಳೆಗಾಲ ಮುಗಿಯುವುದರೊಳಗೆ ನಾನು ಕಾನೂನು ಕಾಲೇಜು ಸೇರಿದ್ದೆ.

ಅಣ್ಣ ತೀರಿಹೋಗಿ ಬಹಳ ವರ್ಷಗಳಾದವು. ಬದುಕಿದ್ದಾಗ ಗಾಯಗೊಂಡ ಎಷ್ಟೋ ಕೂಲಿಗಳನ್ನು, ಕಲ್ಲು ಒಡೆಯುವವರನ್ನು, ಗಿರಣಿಯವರನ್ನು ಕೈಹಿಡಿದು ನನ್ನ ಆಫೀಸಿಗೆ ತಂದು ಬಿಟ್ಟಿದ್ದರು. ಅಣ್ಣನನ್ನು ನೆನೆದಾಗಲೆಲ್ಲ ನನ್ನ ಮೊದಲ ದಾವೆಯ ದಿನ ಕಣ್ಣಮುಂದೆ ಬರುತ್ತದೆ. ಹೊಸ ಕರಿಕೋಟಿನಲ್ಲಿ ವಾದಕ್ಕೆ ಎದ್ದು ನಿಂತೆ. ಹಿಂದಿನ ಬೆಂಚಿನಿಂದ ಅಣ್ಣನೂ ಎದ್ದು ನಿಂತರು. ಜವಾನ ಹೋಗಿ ಕೂರಲು ಸನ್ನೆ ಮಾಡಿದ. ಅಣ್ಣನ ಧ್ವನಿ ಇಡೀ ಕೋರ್ಟಿಗೆ ಕೇಳಿಸಿತು:

“ನಮ್ಮ ವಕೀಲ್ರು ನಿಂತವ್ರೆ ಕಣಪ್ಪ. ನಾನೆಂಗೆ ಕೂತ್ಕೊಳ್ಳಿ?”